ಗಡಿಯಾಚೆ ಹೋದ ದಂಡಿಗೆ ಖರ್ಚು ಕೊಡೋರು ಯಾರು?

ಭಾರತದ ಸಂವಿಧಾನ ಅಂತ ನಮಗೆಲ್ಲ ಒಂದು ಕ್ರೆಡಿಟ್ಟಿನ ಪೇಪರ್ ಇತ್ತು, ನೆನಪೈತಲ್ಲ? ಹಿಂದಿನ ರಾತ್ರಿ ಪಿಡಿಎಫ್ ತಿರುವಿ, ಮರುದಿನ ಗೋಲಿಗಳಿಗೆ ಮಸಿ ತುಂಬಿ ಪಾಸಾದವರೇ ಹೆಚ್ಚು. ನಾನೂ ಅದೇ ಪೈಕಿ. ಸೇನೆಯ ಸರ್ವೋಚ್ಚ ದಂಡನಾಯಕ ಯಾರು? ರಾಷ್ಟ್ರಪತಿ. ಒಂದು ಮಾರ್ಕು ಬಂತು, ವಿಷಯ ಮುಗೀತು.

ಮುಗಿದಿರಲಿಲ್ಲ ಅಂತ ಗೊತ್ತಾಗಿದ್ದು ರಜೆಗೆ ಊರಿಗೆ ಹೋದಾಗ. ಸವದತ್ತಿಯಲ್ಲಿ ನಮ್ಮ ಓಣಿಯಲ್ಲೊಬ್ಬರು ಮಾಜಿ ಸೈನಿಕರಿದ್ದಾರೆ. ನಾವೆಲ್ಲ ಕಾಕಾ ಅಂತೀವಿ. 1987ರಲ್ಲಿ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾಕ್ಕೆ ಹೋದವರು. ಜಾಫ್ನಾದ ಮಾತು ತಾವಾಗೇ ಎತ್ತೋದಿಲ್ಲ. ಅವತ್ತು ನಾನು ಸಂವಿಧಾನದ ಪೇಪರ್ ಬರೆದು ಬಂದೆ ಅಂದಿದ್ದಕ್ಕೆ ಕೇಳಿದರು: "ತಮ್ಮಾ, ನಮ್ಮನ್ನ ಕಳಿಸಿದ್ದು ಯಾರು ಅಂತ ನನಗ ಗೊತ್ತೈತಿ. ಕಳಸಬೇಕೋ ಬ್ಯಾಡೋ, ರೊಕ್ಕ ಕೊಡಬೇಕೋ ಬ್ಯಾಡೋ ಅಂತ ದಿಲ್ಲಿಯೊಳಗ ಕೈ ಎತ್ತಿದವರು ಯಾರು? ಅದೇನರ ನಿಮ್ಮ ಪುಸ್ತಕದಾಗ ಐತೇನು?"

ಇರಲಿಲ್ಲ. ಹುಡುಕಿ ನೋಡಿದೆ.

1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಕೂಡಲೇ ನಮ್ಮ ಪಡೆ ಅಲ್ಲಿ ಇಳಿಯಿತು. ಅಕ್ಟೋಬರ್ ಹೊತ್ತಿಗೆ ಶಾಂತಿ ಕಾಯಲು ಹೋದವರು ಎಲ್‌ಟಿಟಿಇ ಜೊತೆ ಯುದ್ಧದಲ್ಲಿದ್ದರು. ಕೊನೆಯ ತುಕಡಿ ವಾಪಸ್ ಬಂದಿದ್ದು 1990ರ ಮಾರ್ಚ್‌ನಲ್ಲಿ. ಸತ್ತವರು ಸುಮಾರು 1,200. ಇಷ್ಟು ದೊಡ್ಡ ಕೆಲಸಕ್ಕೆ ಸಂಸತ್ತಿನ ಮುಂಗಡ ಒಪ್ಪಿಗೆ ಬೇಕು ಅಂತ ನಮ್ಮ ಸಂವಿಧಾನದ ಯಾವ ವಿಧಿಯೂ ಹೇಳೋದಿಲ್ಲ. ಪ್ರತ್ಯೇಕ ಅನುದಾನ ಕೇಳಬೇಕು ಅಂತಲೂ ಇಲ್ಲ. ರಕ್ಷಣಾ ಇಲಾಖೆಗೆ ವರ್ಷಕ್ಕೊಮ್ಮೆ ಒಟ್ಟಾಗಿ ಹಣ ಮಂಜೂರಾಗುತ್ತದೆ. ಅದನ್ನು ಗಡಿಯ ಈಚೆ ಖರ್ಚು ಮಾಡಬೇಕೋ ಆಚೆಯೋ ಅನ್ನೋದು ಸರ್ಕಾರಕ್ಕೆ ಬಿಟ್ಟಿದ್ದು.

ನಮ್ಮ ಕ್ಲಬ್ಬಿನ ಖಜಾಂಚಿಗೆ ಕೇಳಿ ನೋಡ್ರಿ. ಕ್ಯಾಂಪಸ್ ಒಳಗಿನ ರಾಜ್ಯೋತ್ಸವಕ್ಕೆ ಬಜೆಟ್ ಪಾಸಾಗಿದ್ದರೂ ಗೇಟಿನ ಹೊರಗೆ ಒಂದು ನಾಟಕ ಮಾಡಬೇಕಂದ್ರೆ ಬೇರೆ ಅರ್ಜಿ, ಬೇರೆ ಸಹಿ. ಅಷ್ಟರ ಮಟ್ಟಿಗೆ ನಾವು ಹೆಚ್ಚು ಕಟ್ಟುನಿಟ್ಟು!

ನನಗೆ ನಿಜಕ್ಕೂ ಆಶ್ಚರ್ಯ ತಂದಿದ್ದು ಬೇರೆ ಸಂಗತಿ. ಇಂಥ ನಿಯಮ ಒಂದು ಕಾಲಕ್ಕೆ ನಮ್ಮಲ್ಲಿ ಇತ್ತು. ಅದನ್ನು ಮಾಡಿದವರು ಬ್ರಿಟಿಷರು. 1858ರ ಭಾರತ ಸರ್ಕಾರ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ದಾಳಿ ತಡೆಯಲು ಅಥವಾ ಬೇರೆ ಯಾವುದೋ ಹಠಾತ್ ತುರ್ತಿಗೆ ಬಿಟ್ಟರೆ, ಭಾರತದ ಗಡಿಯಾಚೆಗಿನ ಸೇನಾ ಕಾರ್ಯಾಚರಣೆಗೆ ಭಾರತದ ಕಂದಾಯವನ್ನು ಬಳಸಬೇಕಾದರೆ ಬ್ರಿಟಿಷ್ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಬೇಕಿತ್ತು. ನಮ್ಮ ಮೇಲಿನ ಪ್ರೀತಿಯಿಂದ ಮಾಡಿದ ನಿಯಮ ಇದಲ್ಲ. ಭಾರತದ ದುಡ್ಡು, ಭಾರತದ ದಂಡು ಇಟ್ಟುಕೊಂಡು ಮಂತ್ರಿಗಳು ತಮ್ಮನ್ನು ಕೇಳದೆ ಯುದ್ಧ ಹೂಡಬಾರದು ಅನ್ನೋದು ಅವರ ಸಂಸತ್ತಿನ ಚಿಂತೆ.

ಆ ನಿಯಮ ಹೇಗೆ ನಡೀತು ಅಂತ ತಿಳಿಯಲು 1878 ನೋಡಬೇಕು. 1876ರಿಂದ 78ರವರೆಗಿನ ಮಹಾಬರ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಿಂಡಿ ಹಾಕಿತ್ತು. ಮುಂದಿನ ಬರಕ್ಕೆ ನಿಧಿ ಕೂಡಿಸ್ತೀವಿ ಅಂತ ವೈಸರಾಯ್ ಲಿಟ್ಟನ್ ಸರ್ಕಾರ 1878ರಲ್ಲಿ ಹೊಸ ತೆರಿಗೆ ಹಾಕಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಫ್ಘಾನಿಸ್ತಾನದ ಮೇಲೆ ದಂಡೆತ್ತಿ ಹೋಯಿತು. ಬರದ ಹೆಸರಿನಲ್ಲಿ ಎತ್ತಿದ ಹಣ ಕಾಬೂಲ್ ಕಡೆಗೆ ಹರೀತಿದೆ ಅನ್ನೋ ಆಕ್ಷೇಪ ಆಗಲೇ ಎದ್ದಿತ್ತು. ಡಿಸೆಂಬರ್‌ನಲ್ಲಿ, ಅಂದರೆ ಯುದ್ಧ ಶುರುವಾದ ಮೇಲೆ, ಖರ್ಚಿನ ಒಪ್ಪಿಗೆಯ ನಿರ್ಣಯ ಲಂಡನ್ ಸಂಸತ್ತಿಗೆ ಬಂತು. ಕಣ್ಣು ಕಾಣದ ಸಂಸದ ಹೆನ್ರಿ ಫಾಸೆಟ್ ಎದ್ದು ನಿಂತು, ಇದು ಸಾಮ್ರಾಜ್ಯದ ಯುದ್ಧ, ಇದರ ಖರ್ಚು ಭಾರತದ ರೈತನ ಮೇಲೆ ಯಾಕೆ ಅಂತ ವಿರೋಧಿಸಿದರು. ಗ್ಲ್ಯಾಡ್‌ಸ್ಟನ್ ಕೂಡ ವಿರೋಧಿಸಿದರು. ಆದರೂ ನಿರ್ಣಯ ಪಾಸಾಯಿತು.

ಹಂಗಾದ್ರೆ ಏನು ಉಪಯೋಗ ಆತು ಅಂತೀರಾ? ಮುಂದೆ ಕೇಳ್ರಿ. 1880ರಲ್ಲಿ ಯುದ್ಧದ ಎಸ್ಟಿಮೇಟ್ ಪೂರಾ ತಪ್ಪಿದೆ, ನಿಜವಾದ ಖರ್ಚು ಅದರ ಎಷ್ಟೋ ಪಟ್ಟು ಅಂತ ಬಯಲಾಯಿತು. ಅಷ್ಟರಲ್ಲಿ ಗ್ಲ್ಯಾಡ್‌ಸ್ಟನ್ ಪ್ರಧಾನಿಯಾಗಿದ್ದರು. ತಾವೇ ಸದನದಲ್ಲಿ ಆಡಿದ್ದ ಮಾತು ದಾಖಲೆಯಲ್ಲಿತ್ತು. ಕೊನೆಗೆ ಬ್ರಿಟನ್ನಿನ ಬೊಕ್ಕಸದಿಂದ 50 ಲಕ್ಷ ಪೌಂಡ್ ಭಾರತಕ್ಕೆ ಕೊಟ್ಟರು. ಪೂರ್ತಿ ಖರ್ಚಿನ ಮುಂದೆ ಅದು ಸಣ್ಣ ಪಾಲು. ಆದರೂ ಸದನದಲ್ಲಿ ಚರ್ಚೆಯೇ ಆಗದೆ ಹೋಗಿದ್ದರೆ ಅಷ್ಟೂ ಬರುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಕೊರತೆ ಎಲ್ಲಿತ್ತು ಅಂದರೆ, ಒಪ್ಪಿಗೆ ಕೊಡುವ ಸದನದಲ್ಲಿ ಪರಸಗಡ ತಾಲೂಕಿನ ಒಬ್ಬನ ಮತವೂ ಇರಲಿಲ್ಲ. ಅದಕ್ಕೇ 1885ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಸೇರಿದ ಮೊದಲ ಕಾಂಗ್ರೆಸ್ ಅಧಿವೇಶನವೇ ಸೇನಾ ಖರ್ಚು ಹೆಚ್ಚಿಸೋದನ್ನೂ ಮೇಲ್ಬರ್ಮಾ ಸೇರಿಸಿಕೊಳ್ಳೋದನ್ನೂ ವಿರೋಧಿಸಿ ನಿರ್ಣಯ ಮಾಡಿತು. 1919ರ ಕಾಯ್ದೆಯಿಂದ ಕೇಂದ್ರ ಶಾಸನಸಭೆ ಬಂತು, ಆದರೆ ರಕ್ಷಣಾ ಖರ್ಚನ್ನು ಮತಕ್ಕೇ ಹಾಕುವಂತಿರಲಿಲ್ಲ. 1939ರಲ್ಲಿ ನಮ್ಮವರನ್ನು ಒಂದು ಮಾತೂ ಕೇಳದೆ ಭಾರತ ಯುದ್ಧದಲ್ಲಿದೆ ಅಂತ ವೈಸರಾಯ್ ಘೋಷಿಸಿದ. 1940ರ ನವೆಂಬರ್‌ನಲ್ಲಿ ಯುದ್ಧದ ತೆರಿಗೆಯ ಹಣಕಾಸು ಮಸೂದೆಯನ್ನು ಶಾಸನಸಭೆ ತಿರಸ್ಕರಿಸಿದರೆ, ವೈಸರಾಯ್ ತನ್ನ ವಿಶೇಷಾಧಿಕಾರದಿಂದ ಅದನ್ನೇ ಜಾರಿ ಮಾಡಿದ. ನಮ್ಮ ಪಕ್ಕದ ರಾಮದುರ್ಗ ಆಗ ಸಂಸ್ಥಾನ. ಅಲ್ಲಿನವರಿಗೆ ಆ ಸಭೆಯಲ್ಲಿ ಸೋಲೋಕೂ ಒಂದು ಮತ ಇರಲಿಲ್ಲ.

ಇಷ್ಟು ಪಾಡು ಪಟ್ಟ ಮೇಲೆ 1950ರಲ್ಲಿ ಕೀಲಿಕೈ ನಮ್ಮ ಕೈಗೆ ಬಂತು. 113ನೇ ವಿಧಿಯಂತೆ ರಕ್ಷಣೆಯ ಅನುದಾನವೂ ಲೋಕಸಭೆಯ ಮತಕ್ಕೆ ಬರಬೇಕು, 114ರಂತೆ ಕಾನೂನಿಲ್ಲದೆ ಸಂಚಿತ ನಿಧಿಯಿಂದ ಒಂದು ಪೈಸೆ ತೆಗೆಯುವಂತಿಲ್ಲ. ಆದರೆ ಗಡಿಯಾಚೆ ಅನ್ನೋ ಆ ಹಳೇ ಗೆರೆ ಮಾತ್ರ ಎಲ್ಲೋ ಅಳಿಸಿ ಹೋಯಿತು. ಇರೋ ಅಧಿಕಾರವನ್ನಾದರೂ ಬಳಸ್ತೀವಾ? 2018ರ ಮಾರ್ಚ್‌ನಲ್ಲಿ ಗದ್ದಲದ ನಡುವೆ ಎಲ್ಲ ಇಲಾಖೆಗಳ ಬೇಡಿಕೆಗಳನ್ನು ಚರ್ಚೆಯೇ ಇಲ್ಲದೆ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸಿದರು. ಇದಕ್ಕೆ ಗಿಲೋಟಿನ್ ಅಂತಾರೆ. ಕತ್ತು ಯಾರದು ಅಂತ ಬೇರೆ ಹೇಳಬೇಕಿಲ್ಲ. 2025-26ರ ರಕ್ಷಣಾ ಬಜೆಟ್ಟು 6.81 ಲಕ್ಷ ಕೋಟಿ ರೂಪಾಯಿ. ಇಷ್ಟು ದೊಡ್ಡ ಗಂಟು ಬಿಚ್ಚಿ ನೋಡದೆ ಕೊಡೋದು ಸರಿಯಲ್ಲ.

ನನ್ನ ರೂಮ್‌ಮೇಟ್ ವಾದ ಹೀಗೆ: "ಸಂಸತ್ತು ಸೇರಿ ಮಾತಾಡೋದ್ರಾಗ ಯುದ್ಧಾನ ಮುಗದಿರತದ." ಅವನ ಮಾತಿನಲ್ಲಿ ಹುರುಳಿದೆ. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ದಂಗೆಯೆದ್ದಾಗ ಅಲ್ಲಿನ ಅಧ್ಯಕ್ಷರು ನೆರವು ಕೇಳಿದ್ದು ಬೆಳಿಗ್ಗೆ, ಆಗ್ರಾದಿಂದ ಹಾರಿದ ನಮ್ಮ ಪ್ಯಾರಾ ಪಡೆ ಅಲ್ಲಿ ಇಳಿದಿದ್ದು ಅದೇ ರಾತ್ರಿ. ಅಂಥಲ್ಲಿ ಮತದಾನ ಅಂತ ಕೂತರೆ ಆಗೋದಿಲ್ಲ. ಆದರೆ ತುರ್ತಿಗೆ ವಿನಾಯಿತಿ 1858ರ ಕಾಯ್ದೆಯಲ್ಲೂ ಇತ್ತು. ಮಾಲ್ಡೀವ್ಸ್ ಒಂದು ರಾತ್ರಿಯ ಮಾತು, ಶ್ರೀಲಂಕಾ ಎರಡೂವರೆ ವರ್ಷದ್ದು. ಎರಡಕ್ಕೂ ಒಂದೇ ಅಳತೆ ಯಾಕೆ? ಅಮೆರಿಕದ ಕಾಂಗ್ರೆಸ್ 1973ರಲ್ಲಿ ಮಾಡಿದ್ದು ಇದನ್ನೇ. ಆ ವರ್ಷದ ಆಗಸ್ಟ್ 15ರ ನಂತರ ಇಂಡೋಚೀನಾದ ಕಾಳಗಕ್ಕೆ ಹಣ ಇಲ್ಲ ಅಂತ ಕಾನೂನು ಮಾಡಿತು, ಕಾಂಬೋಡಿಯಾದ ಮೇಲಿನ ಬಾಂಬ್ ದಾಳಿ ನಿಂತಿತು. ನವೆಂಬರ್‌ನಲ್ಲಿ ಇನ್ನೊಂದು ಕಾನೂನು ತಂದು, ಒಪ್ಪಿಗೆಯಿಲ್ಲದೆ 60 ದಿನಕ್ಕಿಂತ ಹೆಚ್ಚು ಪಡೆಯನ್ನು ಹೋರಾಟದಲ್ಲಿ ಇಡಬಾರದು ಅಂತ ಗೆರೆ ಹಾಕಿತು. ಆಮೇಲಿನ ಅಧ್ಯಕ್ಷರು ಆ ಗೆರೆಯನ್ನು ಎಷ್ಟು ಸಲ ತುಳಿದರು ಅನ್ನೋದು ಬೇರೆ ಕತೆ.

ನಾನು ಕೇಳೋದು ಇಷ್ಟೇ. ಪಡೆ ಹೊರದೇಶಕ್ಕೆ ಹೋಗಲಿ, ತುರ್ತಾದರೆ ಕೇಳದೆಯೇ ಹೋಗಲಿ. 60 ದಿನ ದಾಟಿದರೆ ಅದರ ಖರ್ಚಿಗೆ ಪ್ರತ್ಯೇಕ ಬೇಡಿಕೆ ಲೋಕಸಭೆಗೆ ಬರಬೇಕು, ಯಾರು ಹೌದು ಅಂದರು ಯಾರು ಅಲ್ಲ ಅಂದರು ಅನ್ನೋದು ಹೆಸರು ಸಮೇತ ದಾಖಲಾಗಬೇಕು. ಬಹುಮತದ ಸರ್ಕಾರ ಹೆಂಗೂ ಪಾಸು ಮಾಡಿಕೊಳ್ತದೆ, ನಿಜ. ಆದರೂ ಕಾಕಾನಂಥವರ ಪ್ರಶ್ನೆಗೆ ಉತ್ತರವಾಗಿ ಒಂದು ಪಟ್ಟಿ ಉಳಿಯುತ್ತದೆ.

ಸವದತ್ತಿ, ಬೈಲಹೊಂಗಲ, ರಾಮದುರ್ಗ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ ಬರ್ತಾವೆ, ಕಿತ್ತೂರು ಉತ್ತರ ಕನ್ನಡಕ್ಕೆ. ಇಬ್ಬರೂ ಸಂಸದರಿಗೆ ಒಂದು ಪತ್ರ ಬರೆದು ಕಾಕಾಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಖರ್ಚು ಅಂದ್ರ ಮದ್ದುಗುಂಡು, ರೇಷನ್ ಅಷ್ಟ ಬರದೀಯಲ್ಲೋ ತಮ್ಮಾ. ಕಾಲು ಕಳಕೊಂಡಾವನ ಪಿಂಚಣಿ, ಸತ್ತಾವನ ಹೆಂಡತೀ ಪಿಂಚಣಿ ಎಲ್ಲಿ ಹಿಡದಿ? ಅದು ಇನ್ನೂ ನಡದೈತಿ," ಅಂದರು. ಆ ಸಾಲು ಸೇರಿಸಿ ಪತ್ರ ಅಂಚೆಗೆ ಹಾಕಿದ್ದೇನೆ. ಪ್ರತಿ ಬೇಕಾದವರು ಕ್ಲಬ್ಬಿನಲ್ಲಿ ಕೇಳಿ ತಗೋಬಹುದು.