ಮಕ್ಕಳ ರಜೆಗೆ ಯಾರ ಅಳತೆ?

ಮಾರ್ಚ್ ತಿಂಗಳು ಬಂತೆಂದರೆ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ಏಳುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಊರಿಗೆ ಕರೆದೊಯ್ಯುವುದೋ, ಮೋಜಿನ ಉದ್ಯಾನಕ್ಕೆ ಕರೆದೊಯ್ಯುವುದೋ? ಹಿರಿಯರು ಮೊದಲನೆಯದರ ಪರ, ಮಕ್ಕಳು ಎರಡನೆಯದರ ಪರ. ನಡುವಿನ ತಲೆಮಾರಿನವರಿಗೆ ರಜೆ ಮಂಜೂರಾದೀತೇ ಎಂಬುದೇ ಚಿಂತೆ. ಇವೆರಡನ್ನೂ ಎದುರುಬದುರಾಗಿ ನಿಲ್ಲಿಸಿದ್ದೇ ನಮ್ಮ ತಪ್ಪು ಎಂದು ನಾನೀಗ ಭಾವಿಸುತ್ತೇನೆ. ಈ ತಿಳಿವಳಿಕೆ ಬರಲು ನನಗೆ ಮೂವತ್ತು ವರ್ಷ ಹಿಡಿಯಿತು.

ಕೇಂದ್ರ ಸರ್ಕಾರದ ನೌಕರನಿಗೆ ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ ಹೋಗಿಬರಲು ರಜಾ ಪ್ರಯಾಣದ ರಿಯಾಯಿತಿ ಉಂಟು. ನಾಲ್ಕು ವರ್ಷದ ಅವಧಿಯಲ್ಲಿ ಒಮ್ಮೆ ಅದರ ಬದಲು ದೇಶದ ಯಾವ ಭಾಗಕ್ಕಾದರೂ ಹೋಗಬಹುದು. ಕಚೇರಿಯ ಕಡತದಲ್ಲಿ ನನ್ನ ಸ್ವಂತ ಊರು ಮದ್ದೂರಿನ ಸಮೀಪದ ಒಂದು ಹಳ್ಳಿ. ಮಗಳು ಚಿಕ್ಕವಳಿದ್ದಾಗ ದೂರದೂರದ ಪ್ರವಾಸಗಳನ್ನು ನಾನು ತಪ್ಪಿಸಲಿಲ್ಲ. ಊರಿನ ಪಾಲಿನ ರಿಯಾಯಿತಿ ಮಾತ್ರ ಎಷ್ಟೋ ಬಾರಿ ಬಳಸದೆಯೇ ತೀರಿಹೋಯಿತು. ಮಿಕ್ಕ ರಜೆಗಳಲ್ಲಿ ದೋಣಿ ಹತ್ತಿ, 1989ರಲ್ಲಿ ಗೊರಾಯಿಯಲ್ಲಿ ಆರಂಭವಾಗಿದ್ದ ಎಸ್ಸೆಲ್‌ವರ್ಲ್ಡಿಗೆ ಹೋಗುತ್ತಿದ್ದೆವು. ಮಗಳು ನಕ್ಕಳು, ನಾವೂ ನಕ್ಕೆವು. ಅದರಲ್ಲಿ ಪಶ್ಚಾತ್ತಾಪಪಡುವಂಥದ್ದೇನೂ ಇಲ್ಲ.

ಪಶ್ಚಾತ್ತಾಪ ಬೇರೆಡೆಯಿದೆ. ಆಕೆ ಹಳ್ಳಿಗೆ ಹೋದ ಪ್ರಯಾಣಗಳನ್ನು ಎಣಿಸಿದರೆ ಬಹುಪಾಲು ಸಾವಿನ ಮನೆಗೇ. "ಊರು ಅಂದ್ರೆ ಎಲ್ಲರೂ ಅಳ್ತಾ ಇರೋ ಜಾಗ ಅಂತ ಚಿಕ್ಕಂದಿನಲ್ಲಿ ಅಂದ್ಕೊಂಡಿದ್ದೆ, ಅಪ್ಪ" ಎಂದು ಈಚೆಗೆ ನಗುತ್ತಲೇ ಹೇಳಿದಳು. ನನಗೆ ನಗಲಾಗಲಿಲ್ಲ.

ಈಗ ಆಕೆಯ ಮಕ್ಕಳಿಗೆ ಆರು ಮತ್ತು ನಾಲ್ಕು ವರ್ಷ. ಕಳೆದ ವರ್ಷ ಅವರನ್ನು ಮಹಾರಾಷ್ಟ್ರದ ಒಂದು ಉದ್ಯಾನಕ್ಕೆ ಕರೆದೊಯ್ಯುವ ಹೊಣೆ ನನ್ನದಾಯಿತು. ತಪಾಸಣೆಗೆ ಹೊರಟ ಅಧಿಕಾರಿಯಂತೆ ಗಂಟೆಗೊಂದು ಆಟದ ಪಟ್ಟಿ ಬರೆದುಕೊಂಡೆ. ಮೊದಲ ಆಟದ ಬಾಗಿಲಲ್ಲೇ ಎತ್ತರ ಅಳೆಯುವ ಕಂಬವಿತ್ತು. ಅಕ್ಕ ಪಾಸಾದಳು, ತಮ್ಮ ಎರಡು ಬೆರಳಷ್ಟು ಸಾಲದೆ ಹೊರಗುಳಿದು ಬೋರೆಂದು ಅತ್ತ. ಮಧ್ಯಾಹ್ನ ಅವನಿಗೆ ನಿದ್ದೆ. ಕೊಟ್ಟ ಹಣ ವಸೂಲಾಗಬೇಕೆಂಬ ಹಟದಲ್ಲಿ, ಹೆಗಲ ಮೇಲೆ ಮಲಗಿದ್ದ ಮಗುವನ್ನೂ ಹೊತ್ತು ಪಟ್ಟಿಯನ್ನು ಮುಗಿಸಿದೆ. ರಾತ್ರಿ ಮೊಮ್ಮಗಳನ್ನು ಕೇಳಿದೆ: ಯಾವುದು ಚೆನ್ನಾಗಿತ್ತು? ಕೈತೊಳೆಯುವ ನಲ್ಲಿಯ ಬಳಿ ಹೆಸರೂ ತಿಳಿಯದ ಹುಡುಗಿಯೊಬ್ಬಳೊಡನೆ ನೀರೆರಚಾಡಿದ್ದು ಎಂದಳು.

ನನ್ನ ಪಟ್ಟಿಯಲ್ಲಿ ಆ ನಲ್ಲಿ ಇರಲಿಲ್ಲ. ಎಳೆಯ ಮಕ್ಕಳಿಗೆ ಯಂತ್ರಕ್ಕಿಂತ ಜೊತೆಗಾರರು ದೊಡ್ಡವರು ಎಂಬ ಸರಳ ಸತ್ಯವೂ ಇರಲಿಲ್ಲ. ಆದ್ದರಿಂದ ಎಲ್ಲಿಗೆ ಎಂಬುದಕ್ಕೆ ಮೊದಲು ಯಾರೊಡನೆ ಎಂಬುದನ್ನು ನಿರ್ಧರಿಸಬೇಕೆಂಬುದು ನನ್ನ ವಾದ. ಹೊರನಾಡಿನಲ್ಲಿರುವ ನಮಗೆ ಈ ಪ್ರಶ್ನೆಯಲ್ಲಿ ಭಾಷೆಯ ಪ್ರಶ್ನೆಯೂ ಅಡಗಿದೆ. ನಮ್ಮ ಮಕ್ಕಳಿಗೆ ಕನ್ನಡ ದೊಡ್ಡವರು ಗದರುವ ಭಾಷೆಯಾಗಿ ಉಳಿದಿದೆ. ಓರಗೆಯವರೊಡನೆ ಆಡುವ ಭಾಷೆಯಾಗಿಲ್ಲ. ಸರದಿಯಲ್ಲಿ ಅರ್ಧ ಗಂಟೆ ಕಾಯುವಾಗ ದೊಡ್ಡಮ್ಮನ ಮಕ್ಕಳೊಡನೆ ಜಗಳವಾಡಿ ಕಲಿಯುವ ಕನ್ನಡವನ್ನು ಯಾವ ಭಾನುವಾರದ ತರಗತಿಯೂ ಕಲಿಸಲಾರದು.

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್ ದೂರದ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಇದೆ. ಅದೇ ದಾರಿಯಲ್ಲಿ ಮುಂದೆ, ರಾಮನಗರದ ಬಳಿ ಜಾನಪದ ಲೋಕ. ಆಡಳಿತ ಸೇವೆಯ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1994ರಲ್ಲಿ ಅದನ್ನು ನಾಡಿಗೆ ಕೊಟ್ಟರು. ಕಡತಗಳ ನಡುವೆ ಬಾಳಿದವನೂ ಎಂಥ ಕೆಲಸ ಮಾಡಬಹುದೆಂಬುದಕ್ಕೆ ನನ್ನಂಥವರಿಗೆ ಅದು ಪಾಠ. ಬೀಸುವ ಕಲ್ಲು, ಒನಕೆಗಳನ್ನು ಅಲ್ಲಿ ಮೊಮ್ಮಕ್ಕಳಿಗೆ ತೋರಿಸಬಹುದು. 'ಶೋಲೆ' ಚಿತ್ರೀಕರಣವಾದ ಬಂಡೆಗಳೆಂದರೆ ಮುಂಬಯಿಯ ಅಳಿಯಂದಿರಿಗೂ ರಾಮನಗರದ ಮೇಲೆ ಪ್ರೀತಿ ಹುಟ್ಟೀತು. ಮುಂದೆ ಚನ್ನಪಟ್ಟಣ, ಅಲ್ಲಿ ಹಾಲೆಮರದ ತುಂಡು ಅರಗಿನ ಬಣ್ಣವುಂಡು ಬುಗುರಿಯಾಗುವುದನ್ನು ಮಗು ಕಣ್ಣಾರೆ ಕಾಣಬಹುದು. ಅದರಾಚೆ ಮದ್ದೂರು, ನನ್ನ ಅಕ್ಕನ ಮನೆ. ಉದ್ಯಾನವೂ ಊರೂ ಒಂದೇ ದಾರಿಯಲ್ಲಿವೆ. ಬೇರೆ ಮಾಡಿದವರು ನಾವು.

ಇನ್ನು ವ್ಯವಸ್ಥೆಯ ಮಾತು. ಕರ್ನಾಟಕದ ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ, ಮುಂಬಯಿಯವು ಜೂನ್ ನಡುವೆ. ಎರಡೂ ಕಡೆಯ ಮಕ್ಕಳು ಒಟ್ಟಿಗೆ ಸಿಗುವುದು ಮೇ ತಿಂಗಳಲ್ಲಿ ಮಾತ್ರ. 2024ರ ನವೆಂಬರಿನಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ; ಮಾರ್ಚಿಯಲ್ಲೇ ಎಚ್ಚರವಿರಬೇಕು. ಐದು ತುಂಬಿದ ಮಗುವಿಗೆ ಬರ್ತ್ ಬೇಕೆಂದರೆ ಪೂರ್ಣ ದರ. ಹೊರಡುವ ಮುನ್ನ ಮನೆಯ ಗೋಡೆಯ ಮೇಲೆಯೇ ಮಕ್ಕಳ ಎತ್ತರ ಗುರುತಿಸಿ, ಯಾವ ಆಟ ಸಿಗುತ್ತದೆ, ಯಾವುದು ಇಲ್ಲ ಎಂದು ತಿಳಿಸಿಬಿಡಿ; ಕಂಬದ ಬಳಿಯ ಕಣ್ಣೀರು ತಪ್ಪುತ್ತದೆ. ವಾರದ ನಡುವಿನ ಒಂದು ದಿನ ಉದ್ಯಾನಕ್ಕೆ ಸಾಕು. ನಿದ್ದೆ ಬಂದರೆ ಮಲಗಿಸಿ. ಹಣ ಹೋದರೆ ಹೋಗಲಿ.

ಬೆಂಗಳೂರಿನ ಮಕ್ಕಳೇ ಇಂಗ್ಲಿಷ್ ಆಡುತ್ತಾರಲ್ಲ ಎಂದು ಕೆಲವರು ಕೇಳಿಯಾರು. ನಿಜ. ಅದಕ್ಕೇ ಮದ್ದೂರಿನವರೆಗೆ ಹೋಗಬೇಕೆನ್ನುತ್ತೇನೆ. ಊರಿನ ಮನೆಯನ್ನು ಮಾರಿಬಿಟ್ಟವರ ಸಂಕಟ ಇನ್ನೂ ದೊಡ್ಡದು. ಅಂಥವರಿಗೆ ನೆರವಾಗಬೇಕಾದದ್ದು ನಮ್ಮ ಸಂಘಗಳು. ನವೆಂಬರಿನಲ್ಲಿ ಮಕ್ಕಳಿಗೆ ಭುವನೇಶ್ವರಿಯ ವೇಷ ಹಾಕಿಸುವ ನಾವು, ಮೇ ತಿಂಗಳಲ್ಲಿ ಆ ಮಕ್ಕಳು ಎಲ್ಲಿರುತ್ತಾರೆಂದು ಕೇಳುವುದಿಲ್ಲ. ನಾಲ್ಕು ಸಂಸಾರಗಳು ಕೂಡಿ ಹೊರಟರೆ, ನೆಂಟರಿಲ್ಲದ ಮಗುವಿಗೂ ಒಂದು ಊರು ಸಿಕ್ಕೀತು.

ಈ ಮೇ ತಿಂಗಳಲ್ಲಿ ನಾವು ಹೊರಡುತ್ತಿದ್ದೇವೆ. ನಿಯಮದ ಪ್ರಕಾರ ಮೊಮ್ಮಕ್ಕಳು ನನ್ನ 'ಕುಟುಂಬ'ವಲ್ಲವಾದ್ದರಿಂದ ಅವರ ಖರ್ಚು ನನ್ನದೇ. ಅಕ್ಕನಿಗೆ ಫೋನ್ ಮಾಡಿ ಬರುವ ದಿನ ತಿಳಿಸಿದಾಗ ಆಕೆ ಗಾಬರಿಯಿಂದ, "ಯಾಕಪ್ಪ, ಯಾರಿಗೆ ಏನಾಯ್ತು?" ಎಂದಳು. ಯಾರಿಗೂ ಏನೂ ಆಗಿಲ್ಲ, ಮಕ್ಕಳಿಗೆ ರಜೆ ಅಷ್ಟೇ ಎಂದೆ. ಮೂವತ್ತು ವರ್ಷಗಳಲ್ಲಿ ಆ ಮಾತನ್ನು ನಾನು ಅವಳಿಗೆ ಹೇಳಿದ್ದು ಅದೇ ಮೊದಲು.