ಮೊದಲು ಲೋಡು, ಆಮೇಲೆ ಮೆಷಿನ್: ಜಾವಗಲ್ ತೋಟದಿಂದ ವಿಮಾನಕ್ಕೆ ಹೋದವರ ಲೆಕ್ಕ

ನಮ್ಮ ಅಮ್ಮಸಂದ್ರ, ತುರುವೇಕೆರೆ ಕಡೆ ನಾಲ್ಕು ಜನ ಹುಡುಗರು ಸೇರಿದ್ರೆ ಈಗ ಎರಡೇ ಮಾತು. ಒಂದು ಕೊಬ್ಬರಿ ರೇಟು, ಇನ್ನೊಂದು ಯಾವ ಮೆಷಿನ್ ತಗೊಳ್ಳೋಣ ಅನ್ನೋದು. ಕಾಯಿ ಸುಲಿಯೋ ಮೆಷಿನ್, ಮಿನಿ ಟ್ರ್ಯಾಕ್ಟರ್, ಔಷಧಿ ಹೊಡೆಯೋ ಡ್ರೋನ್. ವಿಡಿಯೊ ನೋಡಿದ ವಾರದೊಳಗೆ ಸಾಲಕ್ಕೆ ಅರ್ಜಿ ಹಾಕೋರೂ ಇದ್ದಾರೆ. ಅವರಿಗೆ ನಾನು ಹೇಳೋದು: ಸಹಿ ಹಾಕೋ ಮುಂಚೆ ವಿಮಾನ ಕಂಪನಿಗಳ ಲೆಕ್ಕ ಒಮ್ಮೆ ನೋಡಿ. ನಗಬೇಡಿ, ಆ ಲೆಕ್ಕ ನಮ್ಮ ತೆಂಗಿನ ಸೀಮೆಯ ರೈತರೊಬ್ಬರದ್ದೇ.

ಕ್ಯಾಪ್ಟನ್ ಗೋಪಿನಾಥ್ ಹೆಸರು ನೀವು ಕೇಳಿರ್ತೀರಿ. ಊರು ಗೊರೂರು. ಹೇಮಾವತಿ ಅಣೆಕಟ್ಟೆಯಲ್ಲಿ ಅವರ ಮನೆತನದ ಜಮೀನು ಮುಳುಗಿತು, ಪರಿಹಾರವಾಗಿ ಅರಸೀಕೆರೆ ತಾಲ್ಲೂಕಿನ ಜಾವಗಲ್ ಹತ್ತಿರ ಬರಡು ನೆಲ ಸಿಕ್ತು. ಆ ಹೇಮಾವತಿ ನೀರೇ ಇವತ್ತು ನಾಲೆಯಲ್ಲಿ ನಮ್ಮ ಕಡೆಗೂ ಬರ್ತಿರೋದು. ಸೈನ್ಯ ಬಿಟ್ಟು ಬಂದು ಆ ನೆಲದಲ್ಲಿ ತೆಂಗು ಬೆಳೆಸಿದರು, ರೇಷ್ಮೆ ಮಾಡಿದರು. ಪರಿಸರಸ್ನೇಹಿ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. 1997ರಲ್ಲಿ ಡೆಕ್ಕನ್ ಏವಿಯೇಷನ್ ಹೆಸರಲ್ಲಿ ಬಾಡಿಗೆ ಹೆಲಿಕಾಪ್ಟರ್ ಹಾರಿಸಿದರು, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು.

ಕೊಳ್ಳೋದಲ್ಲ, ದುಡಿಸೋದು

ಏರ್ ಡೆಕ್ಕನ್ ಶುರುವಾಗಿದ್ದು ಗುತ್ತಿಗೆಗೆ ತಂದ ಎಟಿಆರ್ ವಿಮಾನಗಳಿಂದ. ಇದೇನೂ ವಿಶೇಷ ಅಲ್ಲ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೂ ಎಷ್ಟೋ ವಿಮಾನ ಲೀಸ್ ಮೇಲೆಯೇ ಹಾರಿಸ್ತಾವೆ. ಲೀಸ್‌ನಲ್ಲಿ ಎರಡು ಬಗೆ. ಪೈಲಟ್, ರಿಪೇರಿ, ವಿಮೆ ಎಲ್ಲ ಸೇರಿ ಬಂದ್ರೆ ವೆಟ್ ಲೀಸ್. ಬರೀ ವಿಮಾನ ಬಂದ್ರೆ ಡ್ರೈ ಲೀಸ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡ್ರೈವರ್ ಸಮೇತ ಟ್ರ್ಯಾಕ್ಟರ್ ಕರೆಸೋದು ಒಂದು, ಕೀ ಇಸ್ಕೊಂಡು ಬಂದು ನಾವೇ ಓಡಿಸೋದು ಇನ್ನೊಂದು.

ಏರ್ ಡೆಕ್ಕನ್‌ನಂಥ ಅಗ್ಗದ ದರದ ಕಂಪನಿಗಳ ಗುಟ್ಟು ಇಷ್ಟೇ: ವಿಮಾನ ನೆಲದ ಮೇಲೆ ನಿಂತಷ್ಟು ಹೊತ್ತು ನಷ್ಟ. ಇಳಿದ ಅರ್ಧ ಗಂಟೆಯೊಳಗೆ ಮತ್ತೆ ಹಾರಿಸಬೇಕು.

ಈಗ ನಿಮ್ಮ ಮೆಷಿನ್‌ಗೆ ಬನ್ನಿ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ತಿಂಗಳ ಕಂತು 15,000 ರೂಪಾಯಿ. ಗಂಟೆಗೆ 500 ಬಾಡಿಗೆ, ಅದರಲ್ಲಿ ಡೀಸೆಲ್, ಆಳು ಅಂತ 250 ಹೋಗುತ್ತೆ. ಉಳಿಯೋದು 250. ಕಂತು ತೀರಿಸೋದಕ್ಕೇ ತಿಂಗಳಿಗೆ 60 ಗಂಟೆ ಕೆಲಸ ಬೇಕು. ನಿಮ್ಮ ತೋಟ, ಅಕ್ಕಪಕ್ಕದವರ ತೋಟ ಎಲ್ಲ ಸೇರಿ 25 ಗಂಟೆ ಬರುತ್ತೆ ಅಂದ್ರೆ ಕೊಳ್ಳಬೇಡಿ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ತನ್ನಿ, ಇಲ್ಲಾ ನಾಲ್ಕು ಜನ ಕೂಡಿ ಕೊಳ್ಳಿ. ಡ್ರೋನ್ ಆದ್ರೆ ಇನ್ನೂ ಎಚ್ಚರ ಬೇಕು. ಕಾನೂನಿನ ಲೆಕ್ಕದಲ್ಲಿ ಅದೂ ವಿಮಾನವೇ, ಔಷಧಿ ಹೊಡೆಯೋ ಡ್ರೋನ್ ಹಾರಿಸಲು ತರಬೇತಿ ಪಡೆದು ಪೈಲಟ್ ಪ್ರಮಾಣಪತ್ರ ತಗೋಬೇಕು.

ಕೆಟ್ಟ ಮೇಲಲ್ಲ, ಕೆಡೋ ಮುಂಚೆ

ವಿಮಾನ ಕೆಟ್ಟ ಮೇಲೆ ರಿಪೇರಿ ಮಾಡಲ್ಲ. ಇಷ್ಟು ಗಂಟೆ ಹಾರಿದ ಮೇಲೆ ಈ ಭಾಗ ನೋಡಬೇಕು, ಇಷ್ಟಾದ ಮೇಲೆ ಬದಲಿಸಬೇಕು ಅಂತ ಲೆಕ್ಕ ಇರುತ್ತೆ. ಮಾಡಿದ ಕೆಲಸವೆಲ್ಲ ಪುಸ್ತಕದಲ್ಲಿ ಬರೆದು, ಲೈಸೆನ್ಸ್ ಇರೋ ಎಂಜಿನಿಯರ್ ಸಹಿ ಹಾಕಬೇಕು. ನಾವು? ಟಿಲ್ಲರ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳಿದ್ರೆ ತಲೆ ಕೆರ್ಕೋತೀವಿ. ಐವತ್ತು ರೂಪಾಯಿ ನೋಟ್‌ಬುಕ್ ತಂದು ಮೆಷಿನ್ ಪಕ್ಕ ನೇತುಹಾಕಿ. ಓಡಿದ ಗಂಟೆ, ಆಯಿಲ್, ಬೆಲ್ಟ್, ಖರ್ಚು ಬರೀರಿ. ಮಾರುವಾಗಲೂ ಆ ಪುಸ್ತಕಕ್ಕೆ ಬೆಲೆ ಇದೆ.

ಸೋತ ಕಥೆಯನ್ನೂ ಓದಿ

ಏರ್ ಡೆಕ್ಕನ್ ಬೇರೆಯವರ ಕೈ ಸೇರಿದ ಮೇಲೆ ಗೋಪಿನಾಥ್ 2009ರಲ್ಲಿ ಡೆಕ್ಕನ್ 360 ಅಂತ ಸರಕು ಸಾಗಣೆ ಕಂಪನಿ ತೆರೆದರು. ನಾಗಪುರ ಕೇಂದ್ರ, ರಾತ್ರಿ ಹೊತ್ತು ದೇಶದ ನಾಲ್ಕೂ ದಿಕ್ಕಿಗೆ ಸರಕು. ವಿಮಾನಗಳು ಲೀಸ್ ಮೇಲಿನವು. ಹಣದ ಮುಗ್ಗಟ್ಟಿನಿಂದ 2011ರ ಹೊತ್ತಿಗೆ ಅದು ನಿಂತುಹೋಯ್ತು. ನನ್ನ ಪ್ರಕಾರ ನಮಗೆ ಹೆಚ್ಚು ಪಾಠ ಇರೋದು ಇಲ್ಲೇ. ಬಾಡಿಗೆಗೆ ತಂದ್ರೆ ಸಾಕು, ಬಚಾವ್ ಅಂತ ಅಲ್ಲ. ವಿಮಾನ ತುಂಬಿ ಹೋದ್ರೂ ಖಾಲಿ ಹೋದ್ರೂ ಲೀಸ್ ಹಣ ಕಟ್ಟಲೇಬೇಕು. ಅದಕ್ಕೇ ಮೊದಲು ಲೋಡು, ಆಮೇಲೆ ಮೆಷಿನ್.

ಕೆಲವರು ಕೇಳ್ತಾರೆ, ನಮ್ಮ ಮಾಲನ್ನೇ ವಿಮಾನದಲ್ಲಿ ಕಳಿಸಿದ್ರೆ? ಸರ್ಕಾರದ ಕೃಷಿ ಉಡಾನ್ ಯೋಜನೆ ಇದೆಯಲ್ಲ ಅಂತ. ಇದೆ. ಆದರೆ ಅದು ಬೇಗ ಬಾಡೋ, ಕೊಳೆಯೋ ಮಾಲಿಗೆ ಹೊಂದೋದು. ಬೆಂಗಳೂರು ಸುತ್ತಲಿನ ಗುಲಾಬಿ ಹಾರುತ್ತೆ ಸರಿ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು ಆಗೋ ಉಂಡೆ ಕೊಬ್ಬರಿಗೆ ಎರಡು ಗಂಟೆಯ ಅವಸರ ಯಾಕೆ? ಅದಕ್ಕೆ ತಿಪಟೂರಿನ ಮಾರುಕಟ್ಟೆ, ಲಾರಿ, ರೈಲೇ ಸರಿ. ಎಳನೀರಂತೂ ಬರೀ ತೂಕ.

ಇನ್ನೊಂದು ವಿಷಯ ತಿಳ್ಕೊಳ್ಳಿ. ಏರ್ ಕಾರ್ಗೋದಲ್ಲಿ ತೂಕ, ಗಾತ್ರ ಎರಡೂ ನೋಡಿ, ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸೋದು ಸಾಮಾನ್ಯ ಲೆಕ್ಕ. 60, 40, 40ರ ಪೆಟ್ಟಿಗೆ ಅಂದ್ರೆ 16 ಕೆ.ಜಿ. ಒಳಗೆ 8 ಕೆ.ಜಿ. ಚಿಪ್ಪಿನ ಬಟ್ಟಲು ಇದ್ರೂ ಹದಿನಾರಕ್ಕೇ ಕಟ್ಟಬೇಕು. ಬಟ್ಟಲುಗಳನ್ನ ಒಂದರೊಳಗೊಂದು ಜೋಡಿಸಿ ಪೆಟ್ಟಿಗೆ ಚಿಕ್ಕದು ಮಾಡಿದ್ರೆ ಅಷ್ಟೂ ಉಳಿತಾಯ. ವಿದೇಶಕ್ಕೆ ಸ್ಯಾಂಪಲ್ ಕಳಿಸೋರಿಗೆ ಈ ಲೆಕ್ಕ ಬಾಯಿಪಾಠ ಇರಬೇಕು.

ಗೋಪಿನಾಥ್ ಅವರ ಧೈರ್ಯ ಎಲ್ಲರೂ ಹೊಗಳ್ತಾರೆ, ಸಿನಿಮಾ ಕೂಡ ಬಂತು. ಧೈರ್ಯ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಅವರ ಗೆಲುವಿನಿಂದ ಧೈರ್ಯ ತಗೊಳ್ಳಿ, ಸೋಲಿನಿಂದ ಲೆಕ್ಕ ತಗೊಳ್ಳಿ. ಈ ವಾರ ಒಂದು ಕೆಲಸ ಮಾಡಿ: ನಿಮ್ಮ ಶೆಡ್‌ನಲ್ಲಿರೋ ಮೆಷಿನ್ ಕಳೆದ ತಿಂಗಳು ಎಷ್ಟು ಗಂಟೆ ದುಡೀತು, ಬರೆದು ನೋಡಿ. ಹೊಸದು ಬೇಕೋ ಬೇಡವೋ ಅಂತ ಆ ಸಂಖ್ಯೆಯೇ ಹೇಳುತ್ತೆ.