ಗ್ಯಾಲರಿಗೆ ಒಂದೇ ದಾರಿ

ಇಂಗ್ಲೆಂಡಿನ ಹಳೇ ನಾಟಕಮಂದಿರಗಳ ಬಗ್ಗೆ ಎಲ್ಲಿ ಓದಿದ್ರೂ ಒಂದೇ ಹಲುಬಾಟ.. ಎಂಥಾ ವೈಭವ, ಎಲ್ಲಾ ಹೋಯ್ತಲ್ಲ ಅಂತ. ಆದ್ರೆ ಎಕ್ಸೆಟರ್ ನಗರದ ಥಿಯೇಟರ್ ರಾಯಲ್ ಕಥೆ ಓದಿದ ಮೇಲೆ ನನಗೆ ಅಷ್ಟು ಸುಲಭವಾಗಿ ಹಲುಬೋಕೆ ಆಗ್ತಿಲ್ಲ.

ಅಲ್ಲಿನ ಹಳೇ ಥಿಯೇಟರು 1885ರಲ್ಲಿ ಸುಟ್ಟುಹೋಗಿತ್ತು. ಹೊಸದರ ವಿನ್ಯಾಸ ಸಿ.ಜೆ. ಫಿಪ್ಸ್ ಅವರದ್ದು. ಸಾಮಾನ್ಯರಲ್ಲ ಈ ಫಿಪ್ಸ್. 1881ರಲ್ಲಿ ಪೂರ್ತಿ ವಿದ್ಯುದ್ದೀಪ ಹಾಕಿಸಿಕೊಂಡು ಹೆಸರಾದ ಲಂಡನ್ನಿನ ಸವಾಯ್ ಥಿಯೇಟರು ಕೂಡ ಅವರದ್ದೇ. ಅಂಥವರು 1886ರಲ್ಲಿ ಎಕ್ಸೆಟರಿನಲ್ಲಿ ಕಟ್ಟಿದ ಥಿಯೇಟರಿಗೆ ಗ್ಯಾಸ್ ದೀಪ! ಲಂಡನ್ನಿಗೊಂದು ನ್ಯಾಯ, ಸಣ್ಣ ಊರಿಗೊಂದು ನ್ಯಾಯ ಅಂತಾನಾ?

ಒಂದು ವರ್ಷವೂ ತುಂಬಲಿಲ್ಲ. 1887ರ ಸೆಪ್ಟೆಂಬರ್ 5ರ ರಾತ್ರಿ 'ರೊಮಾನಿ ರೈ' ನಾಟಕ ನಡೀತಿದ್ದಾಗ ರಂಗದ ಮೇಲ್ಭಾಗದ ಬಟ್ಟೆಗೆ ದೀಪದ ಉರಿ ತಗುಲಿತು. ಸತ್ತವರು ಸುಮಾರು 186 ಜನ. ಬ್ರಿಟನ್ನಿನ ಥಿಯೇಟರುಗಳ ಇತಿಹಾಸದಲ್ಲೇ ಇದಕ್ಕಿಂತ ದೊಡ್ಡ ಬೆಂಕಿ ದುರಂತ ಇಲ್ಲ.

ಎಲ್ಲರೂ ಬೈಯೋದು ಗ್ಯಾಸಿಗೆ. ನಾನು ಬೈಯೋದು ಮೆಟ್ಟಿಲಿಗೆ. ಯಾಕಂದ್ರೆ ಸತ್ತವರಲ್ಲಿ ಹೆಚ್ಚಿನವರು ಮೇಲಿನ ಗ್ಯಾಲರಿಯವರು, ಕಡಿಮೆ ದುಡ್ಡಿನ ಟಿಕೆಟಿನವರು. ಅಷ್ಟು ಜನಕ್ಕೂ ಇಳಿಯೋಕೆ ಇದ್ದದ್ದು ಒಂದೇ ದಾರಿ. ಹೊಗೆ ತುಂಬಿತು, ಮುಂದಿನವರು ಬಿದ್ದರು, ಹಿಂದಿನವರು ಅವರ ಮೇಲೆ ಬಿದ್ದರು.. ಅಷ್ಟೇ. ಉರಿ ಆಕಸ್ಮಿಕ ಇರಬಹುದು ಕಣ್ರೀ, ಆ ಮೆಟ್ಟಿಲು ಆಕಸ್ಮಿಕ ಅಲ್ಲ. ಯಾರೋ ಕೂತು ನಕ್ಷೆ ಬರೆದದ್ದು, ಇನ್ಯಾರೋ ನೋಡಿ ಸರಿ ಅಂದದ್ದು.

ವಿಕ್ಟೋರಿಯಾ ರಾಣಿ ಕಾಲದ ಮಾತು ಬಿಡಿ ಅನ್ನೋಣ ಅಂದ್ರೆ 1997ರ ದೆಹಲಿಯ ಉಪಹಾರ್ ಸಿನಿಮಾ ಮಂದಿರ ನೆನಪಾಗುತ್ತೆ. ಅಲ್ಲೂ ಸಿಕ್ಕಿಬಿದ್ದವರು ಬಾಲ್ಕನಿಯವರೇ, 59 ಜನ. ಓಡಾಡೋ ಜಾಗದಲ್ಲಿ ಹೆಚ್ಚುವರಿ ಸೀಟು ಹಾಕಿದ್ರು.

ಎಕ್ಸೆಟರಿನಲ್ಲಿ ತನಿಖೆಯಾಯ್ತು, ಫಿಪ್ಸ್ ಟೀಕೆಗೆ ಗುರಿಯಾದರು. ಆಮೇಲೂ ಅವರಿಗೆ ಕೆಲಸಕ್ಕೇನೂ ಬರ ಇರಲಿಲ್ಲ. ಲಂಡನ್ನಿನಲ್ಲಿ ಈಗಲೂ ಇರೋ ಹರ್ ಮೆಜೆಸ್ಟೀಸ್ (ಈಗ ಹಿಸ್ ಮೆಜೆಸ್ಟೀಸ್) ಥಿಯೇಟರು 1897ರಲ್ಲಿ ಅವರು ಕಟ್ಟಿದ್ದೇ. ಎಕ್ಸೆಟರಿನ ಜನ ಮಾತ್ರ ಬುದ್ಧಿ ಕಲಿತರು. ಸುರಕ್ಷತೆಯನ್ನೇ ಮುಂದಿಟ್ಟುಕೊಂಡು 1889ರಲ್ಲಿ ಮತ್ತೊಂದು ಥಿಯೇಟರು ಕಟ್ಟಿಸಿದರು. ಎಪ್ಪತ್ತು ವರ್ಷಕ್ಕೂ ಹೆಚ್ಚು ನಿಂತಿತ್ತು ಅದು. 1962ರಲ್ಲಿ ಕೆಡವಿದರು, ಆಫೀಸು ಕಟ್ಟಡ ಬಂತು.

ಹಲುಬೋದಾದ್ರೆ ನಾನು ಈ ಎರಡನೆಯದಕ್ಕೆ ಹಲುಬ್ತೀನಿ. ನೀವೇನಂತೀರಿ?